ಸಾಹೇಬನ ಏಳು ತಲಿಮಾರು

ಆ ಮನುಷ್ಯಾನ್ನ ನಾನು ಮೊದಲನೇ ಸಲ ನೋಡಿದಾಗ ಇನ್ನೊಬ್ಬನ ಕುತ್ತಿಗಿ ಅವನ ಕೈಯಾಗಿತ್ತು.

ನಮ್ಮದು ಕುವೈತಿನಾಗ, ಮೀನಾ ಅಲ್ ಅಹ್ಮದಿ ಬಂದರಕ್ಕ ಹೋಗೋ ರಸ್ತೆ ಮಗ್ಗಲದಾಗ ಒಂದು ಸಣ್ಣ ಕಂಟ್ರಾಕ್ಟರ್ ಯಾರ್ಡು. ಹಳೇ ಎಣ್ಣಿ ಟ್ಯಾಂಕ್ ತೊಳದು, ತ್ಯಾಪಿ ಹಾಕಿ ಕಳಸೋದು ಕೆಲಸ. ಕ್ರೇನಿಗೆ ಸರಪಳಿ ಕಟ್ಟಿ ಭಾರ ಎತ್ತಸೋ ಗ್ಯಾಂಗಿಗೆ ನಾನು ಫೋರ್ಮನ್. ಇಪ್ಪತ್ತೆಂಟು ವರ್ಷದಾಗ ನಾ ಕಟ್ಟಿಸಿದ ಒಂದು ಗಂಟೂ ಬಿಚ್ಚಿಲ್ಲ. ಬೇಕಾದ್ರ ಯಾರನ್ನರ ಕೇಳ್ರಿ. ನನ್ನ ಕೇಳಿದ್ರ ಇನ್ನೂ ಚಲೋ, ಪೂರ್ತಿ ಹೇಳ್ತೀನಿ.

ಅವತ್ತು ಒಬ್ಬ ಸೂಪರ್‌ವೈಸರ್ ಗ್ಯಾಸ್ ಪರೀಕ್ಷಾ ಮಾಡಸದ ಒಬ್ಬ ವೆಲ್ಡರನ್ನ ಟ್ಯಾಂಕಿನೊಳಗ ಇಳಿಸಿಬಿಟ್ಟಿದ್ದ. ವೆಲ್ಡರ್ ಒಳಗ ಎಚ್ಚರ ತಪ್ಪಿ ಬಿದ್ದ. ಹಿಂದಿನ ದಿನ ಬಂದು ಕೆಲಸಕ್ಕ ಸೇರಿದ್ದ ಅಮೆರಿಕಾದ ಸೇಫ್ಟಿ ಸಾಹೇಬ ಓಡಿ ಬಂದ, ಮೂಗಿಗೆ ಮಾಸ್ಕ್ ಏರಿಸಿದ, ತಾನ ಇಳದ. ವೆಲ್ಡರನ್ನ ಹೆಗಲಿಗೆ ಹಾಕ್ಕೊಂಡು ಮ್ಯಾಲ ತಂದು ಮಲಗಿಸಿ, ಎದಿ ಒತ್ತಿ ಉಸಿರು ಬರಿಸಿದ. ಉಸಿರು ಬಂತು ಅಂದ ಕೂಡಲೇ ಎದ್ದು ಸೂಪರ್‌ವೈಸರನ ಕುತ್ತಿಗಿ ಹಿಡದು, ತಲಿ ತಗೊಂಡು ಟ್ಯಾಂಕಿನ ಬಾಯಿಗೆ ತುರುಕಿದ. "ಮೂಸು! ಮೂಸು!" ಅಂತ ಒದರತಾನ. ಕಬ್ಬಿಣದ ಅಂಚಿಗೆ ಬಡದು ಆ ಸೂಪರ್‌ವೈಸರನ ಮೂಗು ಒಡೀತು. ರಕ್ತ ಟ್ಯಾಂಕಿನ ಬಿಳೀ ಬಣ್ಣದ ಮ್ಯಾಲ ಉದ್ದಕ ಇಳೀತು. ನಲವತ್ತು ಮಂದಿ ಕಲ್ಲಾಗಿ ನಿಂತಿದ್ರು. ಚಪ್ಪಾಳಿ ಹೊಡದಾಂವ ನಾ ಒಬ್ಬನ.

ಅದಕ್ಕ ಅವನಿಗೆ ನಾನು ಸೇರಿದೆ ಅನಸ್ತೈತಿ. ನನ್ನ ಹೆಸರು ಪೂರ್ತಿ ಹೇಳಾಕ ಅವನ ನಾಲಿಗಿ ತಿರುಗಲಿಲ್ಲ. ಕಡೀ ತುಂಡು ಹಿಡಕೊಂಡು "ಮಿಸ್ಟರ್ ಅಪ್ಪಾ" ಅನ್ನಾಕತ್ತಿದ. ಅಮೆರಿಕಾದವನ ಬಾಯಾಗ ಅಪ್ಪಾ ಅನಸ್ಕೊಂಡಾಂವ ಈ ಕುವೈತಿನಾಗ ನಾನೊಬ್ಬನ, ಬರಕೊಳ್ರಿ.

ಅರವತ್ತು ದಾಟಿದ್ದ. ಬಾಗಿಲದಾಗ ಬಂದ್ರ ಒಳಗಿನ ಬೆಳಕು ಹೋಗ್ತಿತ್ತು. ಚಹಾ ಕುಡೀತಿರಲಿಲ್ಲ, ಬಿಸಿನೀರಿಗೆ ಲಿಂಬು ಹಿಂಡ್ಕೊಂಡು ಕುಡೀತಿದ್ದ. ನಾನು ಯಾವ ಕಥಿ ಹೇಳಿದ್ರೂ ಒಂದ ಮಾತು: "ಎಲ್ಲಿ ಬರದೈತಿ?" ನಮ್ಮೂರಾಗ ನಾನು ಒಂದು ಕೈಯಿಂದ ಗೂಳಿ ಕೆಡವಿದ್ದೆ ಅಂದೆ. "ಎಲ್ಲಿ ಬರದೈತಿ?" ಅಂದ. ಗೂಳಿ ಬರಕೊಂಡಿಲ್ಲ ಸಾಹೇಬ, ಅದಕ್ಕ ಅವಮಾನ ಆಗಿತ್ತು ಅಂದೆ. ನಗಲಿಲ್ಲ. ಅವನ್ನ ನಗಸೋದ ನನಗ ದೊಡ್ಡ ಹಟ ಆತು.

ಹಂಗಾಗಿ ಒಂದು ಸಲ ವಫ್ರಾದ ತೋಟದಾಗಿನ ಗೆಳ್ಯಾ ಒಬ್ಬನ ಕಡೆ ಹೋಗಿ ಜೀವಂತ ಧಬ್ ತಂದೆ. ಧಬ್ ಅಂದ್ರ ಮರಳಗಾಡಿನ ದಪ್ಪ ಹಲ್ಲಿ, ಮುಳ್ಳಿನ ಬಾಲ, ಮಾರಿ ನೋಡಿದ್ರ ನಮಗ ವೀಸಾ ಕೊಟ್ಟ ಮಾಲಕ ಕಫೀಲನಂಗ. ಅದನ್ನ ಸಾಹೇಬನ ಟೇಬಲ್ಲಿನ ಡ್ರಾದಾಗ ಇಟ್ಟು ಕಿಟಕಿ ಹೊರಗ ನಿಂತೆ. ಡ್ರಾ ತಗದ. ಚೀರತಾನ ಅಂತ ಕಾದೆ, ಚೀರಲಿಲ್ಲ. ಪೈಪ್ ಪಾನಾ ತಗೊಂಡು ಹೊಡದ. ಒಂದ ಏಟಿಗೆ ಸತ್ತಿತ್ತು ಅದು. ಆದ್ರ ಅವನು ನಿಲ್ಲಸಲಿಲ್ಲ. ಹಲ್ಲಿ ಹೋಗಿ ತೊಗಲು, ತೊಗಲು ಹೋಗಿ ಕೆಸರು ಆಗೋತನ ಹೊಡದ. ಡ್ರಾ ಮುರೀತು, ಟೇಬಲ್ಲಿನ ಕಾಲು ಮುರೀತು. ಆಮ್ಯಾಲ ಪಾನಾ ಕೆಳಗಿಟ್ಟು ಗ್ವಾಡಿಗೆ ಮಾರಿ ಹಚ್ಚಿ ನಿಂತ. ನನ್ನ ನಗು ಬಾಯಾಗ ಉಳೀತು.

ಒಳಗ ಹೋಗಿ ತಪ್ಪಾತು ಸಾಹೇಬ ಅಂದೆ. ಅವತ್ತು ಕುಂತು ಹೇಳಿದ.

ಅವನಿಗೆ ಒಬ್ಬಾಕೀನ ಮಗಳು. ಅಕಿಗೆ ಗಂಡು ಮಗು ಹುಟ್ಟಿದ ತಿಂಗಳದಾಗ, ಊಟಕ್ಕ ಕುಂತಾಗ ಏನೋ ಮಾತು ಬೆಳದು ಇವನು ಅಳಿಯನ ಕೈ ಮುರದಿದ್ದ. ಎರಡು ಕಡೆ ಮುರದಿತ್ತಂತ. ಮಗಳು ಮನಿ ಬಾಗಿಲ ಹಾಕಿದಳು. ಮೊಮ್ಮಗನ್ನ ಇವನು ಎತ್ತಿಕೊಂಡದ್ದು ಒಂದ ಸಲ. ಬೇಡಿ, ಬೇಡಿ, ಕಡೀಗೆ ಅಕಿ ಒಂದು ಕರಾರು ಹಾಕಿದ್ಲು: ಒಂದು ವರ್ಷ ಯಾರ ಮ್ಯಾಲೂ ಕೈ ಎತ್ತಬಾರದು. ಪ್ರತಿ ತಿಂಗಳ ಕಡೀಗೆ, ಅವನ ಜೊತಿ ಕೆಲಸ ಮಾಡೋ ಒಬ್ಬಾಂವ ವಿಡಿಯೋದಾಗ ಬಂದು ತನಗ ಹೇಳಬೇಕು. ಟ್ಯಾಂಕಿನ ಗಲಾಟಿ ಆದಾಗ ಲೆಕ್ಕ ಇನ್ನೂ ಸುರು ಆಗಿರಲಿಲ್ಲ, ಅದು ಅವನ ಪುಣ್ಯ. ಹಲ್ಲಿ ಲೆಕ್ಕಕ್ಕ ಬರತೈತೋ ಇಲ್ಲೋ ಅಂತ ಅವನಿಗ ಚಿಂತಿ.

"ಸಾಕ್ಷಿ ಯಾರು?" ಅಂದೆ.

"ನೀನ, ಅಪ್ಪಾ" ಅಂದ.

ನನ್ನಂಥ ಸುಳ್ಳನ್ನ ಸಾಕ್ಷಿ ಮಾಡ್ಕೊಂಡ ನೋಡ್ರಿ.

ಅವನ ತಲ್ಯಾಗ ಇನ್ನೊಂದು ಹುಳ ಇತ್ತು. ಈ ಸಿಟ್ಟು ನನ್ನದೋ, ರಕ್ತದಾಗ ಬಂದದ್ದೋ? ನಮ್ಮಪ್ಪ ಹೊಡೀತಿದ್ದ, ಅವರಪ್ಪ ಹೊಡೀತಿದ್ದ ಅಂತಿದ್ದ. ಹಡಗಿನಾಗ ಅಮೆರಿಕಾಕ್ಕ ಬಂದ ಮೊದಲನೇ ಮುತ್ಯಾನಿಂದ ಹಿಡದು ಯಾರರ ಒಬ್ಬಾಂವ ಕೈ ಕೆಳಗ ಇಳಿಸಿದಾಂವ ಇದ್ದನೋ ಇಲ್ಲೋ, ಅದನ್ನ ಹುಡಕಬೇಕು. ಒಬ್ಬ ಸಿಕ್ಕ್ರ ಸಾಕು, ನಾನೂ ಇಳಿಸಬಹುದು ಅನ್ನೋ ಆಸೆ. ಅಲ್ಲಿ ಇನ್ನೂರೈವತ್ತು ವರ್ಷದ ಹಿಂದಿನ ಕಾಗದ ಎಲ್ಲಾ ಫೋಟೋ ಹೊಡದು ಕಂಪ್ಯೂಟರಿನಾಗ ಇಟ್ಟಾರ. ಕಂದಾಯದ ಪಟ್ಟಿ, ಹೊಲದ ಖರೀದಿ ಪತ್ರ, ಕೋರ್ಟಿನ ಕಡತ, ಉಯಿಲು. ಊಟದ ಬಿಡುವಿನಾಗ ಪೋರ್ಟಾಕ್ಯಾಬಿನ್ನಿನಾಗ ಕುಂತು ಅವನ್ನ ತಗದು ತಗದು ನೋಡ್ತಿದ್ದ. ಗ್ವಾಡಿಗೆ ಅಮೆರಿಕಾದ ನಕಾಶಿ, ಅದರ ಮ್ಯಾಲ ಕೆಂಪು ಸೂಜಿ. ಮುತ್ಯಾ ವರ್ಜೀನಿಯಾದಾಗ ಒಂದು, ಗುಡ್ಡ ದಾಟಿ ಕೆಂಟಕಿಯಾಗ ಎರಡು, ದೊಡ್ಡ ಹೊಳಿ ದಾಟಿ ಮಿಸೌರಿಯಾಗ ಒಂದು.

ಹಳೇ ಕೈಬರಹ ಓದಾಕ ನಮ್ಮ ಸಿಸಿಲಿಯಾ ಬಾಯಾರ ಬೇಕಾಗ್ತಿತ್ತು. ಮಂಗಳೂರಿನವ್ರು, ಯಾರ್ಡಿನ ಕಾಗದಪತ್ರ ಪೂರಾ ಅವರ ಕೈಯಾಗ. ಕಾನ್ವೆಂಟಿನ ಸಿಸ್ಟರುಗಳ ಹತ್ರ ಇಂಗ್ಲೀಷ್ ಅಕ್ಷರ ಕೂಡಿಸಿ ಬರಿಯೋದು ಕಲ್ತವ್ರು.

"ಎಂತ ಫೋರ್ಮನ್ರೇ, ನಿಮ್ಗೆ ಇಲ್ಲಿ ಎಂತ ಕೆಲ್ಸ? ಕ್ರೇನ್ ಅಲ್ಲಿ ನಿಂತು ಅಳ್ತಾ ಉಂಟು" ಅಂತಿದ್ರು ನನ್ನ ನೋಡಿ.

"ಬಾಯಾರ, ನೀವು ಅಕ್ಷರ ಓದ್ರಿ, ನಾನು ವಂಶ ಓದ್ತೀನಿ. ಈ ಕಸಬು ನಮ್ಮ ಮನೀದು."

ಸುಳ್ಳಲ್ಲ. ನಾವು ಹೆಳವರು. ಬಾಗಲಕೋಟಿ ಕಡೆ ಎಲ್ಲಾರಿಗೂ ಗೊತ್ತು, ಬಾಯಾರಿಗೆ ಹೇಳಬೇಕಾತು. ನಮ್ಮಪ್ಪ ಎತ್ತಿನ ಮ್ಯಾಲ ಕುಂತು ಗಂಟಿ ಬಾರಸ್ಕೊಂತ ಊರೂರಿಗೆ ಹೋಗ್ತಿದ್ದ. ಒಕ್ಕಲ ಮನಿ ಅಂಗಳದಾಗ ನಿಂತು ಅವರ ವಂಶ ಹಾಡ್ತಿದ್ದ. ಈ ಬಳಗ ಯಾವ ಊರಾಗ ಹುಟ್ಟಿತು, ಯಾಕ ಊರ ಬಿಟ್ಟಿತು, ಎಲ್ಲಿ ಬಂದು ನೆಲಿ ನಿಂತಿತು, ಯಾರ ಹೊಟ್ಟ್ಯಾಗ ಯಾರು ಹುಟ್ಟಿದ್ರು. ಹಾಡಿದ್ದಕ್ಕ ಜ್ವಾಳ, ಅರಿವಿ, ಮನಿ ದೊಡ್ಡದಿದ್ರ ಒಂದು ಆಕಳ ಕರ. ಅವನ ಕಟ್ಟಪ್ಪಣಿ ಒಂದಿತ್ತು: ಕಡತದಾಗ ಏನರ ಇರಲಿ, ಅಂಗಳದಾಗ ಕೇಳಾವನ ಎದಿ ಉಬ್ಬಬೇಕು. ಅಣ್ಣನ್ನ ಕೊಂದಾಂವ ಇದ್ರ ಭೂಮಿಗಾಗಿ ಕಾದಿದ ಧೀರ ಅನ್ನು. ರಾತ್ರೋರಾತ್ರಿ ಓಡಿದಾಂವ ಇದ್ರ ದಿಕ್ಕು ಗೆಲ್ಲಾಕ ಹೊಂಟ ಅನ್ನು.

ಸಾಹೇಬ ಒಂದ ಕಡೆ ಸಿಕ್ಕಬಿದ್ದಿದ್ದ. ಮುತ್ಯಾ ಒಂದು ಪಟ್ಟಿಯಾಗ ಕಾಣ್ತಾನ, ಮುಂದಿನ ವರ್ಷ ಇಲ್ಲ, ಮೂರು ವರ್ಷದ ಮ್ಯಾಲ ಇನ್ನೊಂದು ಜಿಲ್ಲಾದಾಗ ಹಾಜರ್. ನಡುವ ಏನೂ ಇಲ್ಲ. ಜನಗಣತಿ ನೋಡಿದ್ರ ಯಜಮಾನನ ಹೆಸರಷ್ಟ, ಹೆಂಡತಿ ಮಕ್ಕಳು ಬರೇ ಗೀಟು. ಆಳುಗಳೂ ಗೀಟು. ಸಾಹೇಬ ಮುತ್ಯಾ ಹೋಗಿ ಸೇರಿದ ಊರಿನ ಕಾಗದ ಹುಡುಕತಿದ್ದ. ನಾನಂದೆ: "ಸಾಹೇಬ, ನೀ ತಪ್ಪು ಮನಿ ಬಾಗಿಲ ಬಡೀತಿ. ಸೇರಿದ ಊರಾಗ ಎಲ್ಲಾರೂ ಸಾಧು ಇರತಾರ. ಬಿಟ್ಟ ಊರಾಗ ಕೇಳು, ಯಾಕ ಬಿಟ್ಟ ಅಂತ. ಅಲ್ಲಿ ಕೋರ್ಟಿನ ಕಡತ ತಗಿ."

ಅವನು ನನ್ನ ಮಾರಿ ನೋಡಿದ. ಆ ಮಾತಿಗೆ ಅವನು ನನಗ ಒಂದು ಕರ ಕೊಡಬೇಕಿತ್ತು, ಕೊಡಲಿಲ್ಲ.

ತಗದ. ಒಂದೊಂದ ಬಂತು.

ವರ್ಜೀನಿಯಾದ ಕೋರ್ಟಿನಾಗ ಒಬ್ಬಾಂವ ಬಂದು ಬರಿಸಿದ್ದ: ನನ್ನ ಎಡಗಿವಿ ಇಲ್ಲದ್ದು ಕಳ್ಳತನದ ಶಿಕ್ಷೆಯಿಂದಲ್ಲ, ಇಂಥವನು ಜಗಳದಾಗ ಕಚ್ಚಿ ಹರದಾನ, ದಯವಿಟ್ಟು ದಾಖಲ ಮಾಡ್ಕೋರಿ. ಇಂಥವನು ಅಂದ್ರ ಮುತ್ಯಾ. ಬಾಯಾರು ಓದೋದು ನಿಲ್ಲಿಸಿ ಶಿಲುಬೆ ಗುರುತು ಮಾಡ್ಕೊಂಡ್ರು. ನನಗ ನಗು ತಡೀಲಿಲ್ಲ.

ಕೆಂಟಕಿ ದಂಡಿನ ಪಟ್ಟಿಯಾಗ ಅವನ ಹೆಸರು. ಅಲ್ಲಿನ ಮೂಲ ಜನರ ಹಳ್ಳಿ ಮ್ಯಾಲ ಹೋಗಿ ನಿಂತ ಬೆಳಿ ಸುಟ್ಟರು, ಮನಿ ಸುಟ್ಟರು, ಓಡಲಾರದ ಮುದುಕರನ್ನ ಅಲ್ಲೇ ಬಿಟ್ಟು ಸುಟ್ಟರು. ಆ ಸೇವಾಕ್ಕ ಸರಕಾರ ಭೂಮಿ ಕೊಟ್ಟಿತ್ತು. ಸುಟ್ಟ ಜಾಗಾನ ಅವನ ಹೊಲ.

ಆಮ್ಯಾಲಿನದು ಒಂದು ಪಂಚನಾಮಿ. ಮುತ್ಯಾನ ಮನ್ಯಾಗ ಗುಲಾಮನಾಗಿದ್ದ ಒಬ್ಬ ಮನುಷ್ಯಾ ಕೊಟ್ಟಿಗ್ಯಾಗ ಸತ್ತು ಬಿದ್ದಿದ್ದ. ಬೆನ್ನ ಮ್ಯಾಲ ತೊಗಲಿಲ್ಲ ಅಂತ ಬರದಾರ. ಕೆಳಗ ಪಂಚರ ತೀರ್ಮಾನ: ದೇವರ ಇಚ್ಛಾದಿಂದ ಸತ್ತ. ಹೆಸರಿಲ್ಲ, ವಯಸ್ಸು ಸುಮಾರು ಮೂವತ್ತು. ಮುಂದಿನ ವಸಂತದಾಗ ಮುತ್ಯಾ ಗಾಡಿ ಕಟ್ಟಿ ಹೊಳಿ ದಾಟ್ಯಾನ. ಅವತ್ತು ನಾನೂ ನಗಲಿಲ್ಲ. ಸಾಹೇಬ ಎದ್ದು ಹೊರಗ ಹೋಗಿ ಬಿಸಲಾಗ ಮುಕ್ಕಾಲು ತಾಸು ನಿಂತ.

ಮಿಸೌರಿಯಾಗ ಹೆಂಡತಿ ತಮ್ಮನ್ನ ಬದುವಿನ ಜಗಳದಾಗ ಕೊಡ್ಲಿಯಿಂದ ಹೊಡದಿದ್ದ. ಕಡೀಗೆ ಉಯಿಲು: ನನ್ನ ಮ್ಯಾಲ ಕೈ ಎತ್ತಿದ ಮಗನಿಗೆ ಒಂದು ಡಾಲರ್. ಸಾಹೇಬ ಹುಟ್ಟಿದ್ದು ಆ ಒಂದು ಡಾಲರಿನ ಮಗನ ಸಾಲಿನಾಗ. ಆ ಮಗನಿಂದ ಈಚೆ ಆರು ತಲಿ ಹುಡುಕಿದ, ಪ್ರತಿಯೊಬ್ಬನ ಹೆಸರಿನ ಮುಂದೂ ಒಂದು ಪೊಲೀಸ್ ಕಾಗದ. ಕೈ ಇಳಿಸಿದಾಂವ ಸಿಗಲಿಲ್ಲ.

ಇಷ್ಟರಾಗ ಹನ್ನೊಂದು ತಿಂಗಳ ಕಳದಿದ್ವು. ಹನ್ನೊಂದು ಸಲ ಮಗಳ ಮುಂದ ಕುಂತು "ನೋ ಮೇಡಂ, ವೆರಿ ಗುಡ್ ಮ್ಯಾನ್" ಅಂದಿದ್ದೆ, ಹನ್ನೊಂದೂ ಖರೆ. ಸಾಹೇಬನ ಕಾಂಟ್ರಾಕ್ಟ್ ಮುಗೀತು, ಟಿಕೆಟ್ ಬಂತು. ಶುಕ್ರವಾರ ಮಧ್ಯಾಹ್ನ ಮೆಸ್ಸಿನಾಗ ಬೀಳ್ಕೊಡುಗಿ ಊಟ ಇಟ್ಟಿವಿ.

ಅವತ್ತು ನನಗ ಏನಾಗಿತ್ತೋ. ತಲಿಗೆ ಟವೆಲ್ಲಿನ ರುಮಾಲ ಸುತ್ತಿದೆ, ಬೆಂಕಿ ಡ್ರಿಲ್ಲಿಗೆ ಬಾರಸೋ ಗಂಟಿ ತಗೊಂಡೆ, ನಮ್ಮಪ್ಪನಂಗ ನಿಂತೆ. ಸಾಹೇಬನ ವಂಶ ಹಾಡ್ತೀನಿ ಅಂದೆ. ಬಾಯಾರನ್ನ ಇಂಗ್ಲೀಷಿಗೆ ಹೇಳಾಕ ಪಕ್ಕಕ್ಕ ನಿಲ್ಲಿಸಿದೆ.

"ಬೇಡ ಮಾರಾಯ್ರೇ, ಅವ್ರಿಗೆ ಅದು ನಗುವ ವಿಷಯ ಅಲ್ಲ" ಅಂದ್ರು ಮೆಲ್ಲಗ.

"ಎದಿ ಉಬ್ಬತೈತಿ ನೋಡ್ರಿ ಬಾಯಾರ. ಹತ್ತು ಸಾವಿರ ಅಂಗಳ ನೋಡಿದ ರಕ್ತ ಇದು."

ಹಾಡಿದೆ. ಕಡಲ ದಾಟಿದ ಹುಲಿ, ಹಲ್ಲಿನಾಗ ವೈರಿ ಕಿವಿ ಹಿಡದ ಗಂಡು. ಮಂದಿ ಸೀಟಿ ಹೊಡದ್ರು. ಬೆಂಕಿಯಿಂದ ಹೊಲ ಉತ್ತ ಸರದಾರ. ಸಾಹೇಬನ ಮಾರಿ ಕೆಂಪಾತು, ಸಂತೋಷಕ್ಕ ಅಂದ್ಕೊಂಡೆ. ಆಳನ್ನ ಅಂಕಿಯಾಗಿಟ್ಟ ದೊರಿ, ಅವನ ಚಾಟಿ ಸಪ್ಪಳಕ್ಕ ಕೊಟ್ಟಿಗಿ ನಡುಗಿತ್ತು ಅಂತ ನಾ ಅನ್ನೋದಕ್ಕೂ, ಬಾಯಾರು "ಇದು ನಾನು ಹೇಳುದಿಲ್ಲ" ಅಂತ ಬಾಯಿ ಮುಚ್ಕೊಳ್ಳೋದಕ್ಕೂ ಸರಿ ಆತು. ಹೇಳೋದು ಬೇಕಾಗಿರಲಿಲ್ಲ. ನಾನು ಕೈಯಾಗ ಚಾಟಿ ಬೀಸಿ ತೋರಿಸ್ತಿದ್ದೆ.

ಸಾಹೇಬ ಟೇಬಲ್ ಮಗಚಿ ಬಂದ. ಒಂದ ಗುದ್ದು. ನನ್ನ ಎರಡು ಹಲ್ಲು ಹಾರಿ ಬಿರಿಯಾನಿ ಪಾತೇಲಿಯಾಗ ಬಿದ್ವು. ನಾನು ಗ್ವಾಡಿಗೆ ಬಡದು ಕುಸದೆ. ಮತ್ತ ಕೈ ಎತ್ತಿದ. ಎತ್ತಿದ ಕೈ ತಾನ ನೋಡ್ಕೊಂಡ. ಅಲ್ಲೇ ನೆಲದ ಮ್ಯಾಲ ನನ್ನ ರಕ್ತದಾಗ ಮಂಡಿ ಊರಿ ಕುಂತ.

ಕರಾರು ಗೊತ್ತಿದ್ದಾಂವ ನಾನು. ವರ್ಷ ತುಂಬಾಕ ಹನ್ನೆರಡ ದಿನ ಉಳದಿತ್ತು.

ಆದ್ರ ಬುದ್ಧಿವಂತ ನೋಡ್ರಿ ನಾನು, ಪರಿಹಾರ ತಯಾರಿತ್ತು. ಕಡೀ ತಿಂಗಳ ಫೋನಿಗೆ ಮಾರಿಗೆ ಬಟ್ಟಿ ಸುತ್ಕೊಂಡು ಕುಂತೆ. ಹಲ್ಲು ನೋವಿಗೆ ಡಾಕ್ಟರ್ ಕಿತ್ತಾನ ಮೇಡಂ, ನಿಮ್ಮಪ್ಪ ದೇವರಂಥ ಮನುಷ್ಯಾ, ಒಂದು ನೊಣ ಹೊಡದಿಲ್ಲ ಅಂದೆ. ಮಗಳ ಕಣ್ಣಾಗ ನೀರು ಬಂತು. "ಥ್ಯಾಂಕ್ಯೂ, ಮಿಸ್ಟರ್ ಅಪ್ಪಾ" ಅಂದ್ಲು.

ಸಾಹೇಬ ನನ್ನ ಕೈಯಿಂದ ಫೋನ್ ಕಸಗೊಂಡ. "ಸುಳ್ಳು ಹೇಳ್ತಾನ. ನಾನು ಹೊಡದೇನಿ. ಎರಡು ಹಲ್ಲು."

ಅಕಿ ಕಣ್ಣೀರು ಒರಸ್ಕೊಂಡ್ಲು. ಆಮ್ಯಾಲ, "ಇವತ್ತಿಂದ ಒಂದನೇ ದಿನ" ಅಂದು ಫೋನ್ ಇಟ್ಲು.

"ಯಾಕ ಹೇಳಿದಿ ಹುಚ್ಚಾ!" ಅಂತ ನಾನು ಒದರಿದೆ, ಹಲ್ಲಿಲ್ಲದ ಬಾಯಾಗ.

"ನನ್ನ ಸಾಲಿನಾಗ ಯಾರೂ ತಾವ ಹೋಗಿ ಹೇಳಿಲ್ಲ. ಎಲ್ಲಾ ಇನ್ನೊಬ್ಬರು ಬರಿಸಿದ್ದು" ಅಂದ.

ಅವನ ಜಾಗಾಕ್ಕ ಹೊಸ ಮನುಷ್ಯಾ ಸಿಗದ ಕಂಪನಿ ಅವನ್ನ ಇನ್ನೊಂದು ವರ್ಷ ಇಟ್ಕೊಂಡಿತು. ಆ ವರ್ಷ ಅವನು ನಕಾಶಿ ಮುಟ್ಟಲಿಲ್ಲ, ಕಂಪ್ಯೂಟರ್ ತಗೀಲಿಲ್ಲ. ನಾನೂ ಒಂದೂ ಚ್ಯಾಷ್ಟಿ ಮಾಡಲಿಲ್ಲ. ಅಂದ್ರ ಅವನ ಜೊತಿ ಮಾಡಲಿಲ್ಲ, ಉಳದವ್ರು ಏನ ಪಾಪ ಮಾಡಿದ್ರು. ಮಗಳು ಸಾಕ್ಷಿ ಬದಲ ಮಾಡಲಿಲ್ಲ. ಸುಳ್ಳ ಅಂತ ಗೊತ್ತಿದ್ದೂ ನನ್ನನ್ನ ಕೂಡಸ್ತಿದ್ಲು, ನಾನು ಖರೇನ ಹೇಳ್ತಿದ್ದೆ, ಅಕಿ "ಹೂಂ" ಅಂತಿದ್ಲು. ಆ "ಹೂಂ" ನನ್ನ ಹಲ್ಲಿನ ಸಂದಿಗಿಂತ ದೊಡ್ಡ ನೋವು.

ಕಡೀ ವಾರ. ಮೊಮ್ಮಗನಿಗೆ ಅಂಗಿ ತಗೋಬೇಕು ಅಂತ ಇಬ್ರೂ ಫರ್ವಾನಿಯಾ ಪ್ಯಾಟಿಗೆ ಹೋದಿವಿ. ಅಂಗಿ ತಗೊಂಡು ಹೊರಗ ಬಂದ್ರ ಒಬ್ಬ ಪಿಕಪ್ಪಿನಾಂವ ರಿವರ್ಸ್ ತಗೊಂಡು ಸಾಹೇಬನ ಕಾರಿಗೆ ಗುದ್ದಿದ. ಗುದ್ದಿದಾಂವ ಅವನ, ಸಿಟ್ಟಿನಿಂದ ಇಳದಾಂವನೂ ಅವನ. ಕೈಯಾಗ ಜಾಕಿನ ಕಬ್ಬಿಣದ ರಾಡು. ಕಾರು ಯಾಕ ಇಲ್ಲಿ ನಿಲ್ಲಿಸಿದಿ ಅಂತ ಸಾಹೇಬನ ಎದಿಗೆ ತಿವಿದ.

ಸಾಹೇಬ ಎರಡೂ ಕೈ ಪ್ಯಾಂಟಿನ ಜೇಬಿನಾಗ ತುರುಕಿದ.

ಅದ ಪಿಕಪ್ಪಿನವನಿಗೆ ಅವಮಾನ ಅನಿಸ್ತು. ರಾಡು ಬೀಸಿದ. ಹೆಗಲಿಗೆ ಬಿತ್ತು. "ಕೈ ತಗಿ, ಬಾ!" ಅಂತ ಕರೀತಾನ. ಸಾಹೇಬ ಬರೇ ತಲಿ ಅಲ್ಲಾಡಿಸಿದ. ಪಕ್ಕಡಿಗೆ ಒಂದು, ಮಾರಿಗೆ ಒಂದು. ಹುಬ್ಬು ಸೀಳಿ ಕಣ್ಣು ತುಂಬ ರಕ್ತ. ಸಾಹೇಬ ಮನಸ್ಸು ಮಾಡಿದ್ರ ಆ ಪಿಕಪ್ಪಿನವನ್ನ ಪಿಕಪ್ ಸಮೇತ ಮಗಚಬಹುದಿತ್ತು. ನಿಂತ. ಎತ್ತು ನಿಂತಂಗ ನಿಂತ. "ಖಲಾಸ್ ಭಾಯಿ, ಖಲಾಸ್! ಮುದುಕ ಅದಾನ!" ಅಂತ ನಾನು ನಡುವ ಹೋದೆ. ನನಗೂ ಒಂದು ಬಿತ್ತು, ಮೊಣಕೈಗೆ. ಅಂಗಡಿ ಮಂದಿ ಬಂದು ರಾಡು ಕಸಗೊಳ್ಳೋ ಹೊತ್ತಿಗೆ ಸಾಹೇಬ ಗ್ವಾಡಿಗೆ ಒರಗಿ ಕುಂತಿದ್ದ. ಕೈ ಇನ್ನೂ ಜೇಬಿನಾಗ. ಎರಡು ಪಕ್ಕೆಲುಬು ಮುರದಿದ್ವು ಅಂತ ಆಮ್ಯಾಲ ಗೊತ್ತಾತು.

ಮೂರು ದಿನಕ್ಕ ಕಡೀ ಫೋನ್. ಇಲ್ಲಿ ಸಂಜಿ, ಅಲ್ಲಿ ಬೆಳಿಗ್ಗಿ. ಸಾಹೇಬನ ಮಾರಿ ನೋಡಿದ ಕೂಡಲೇ ಮಗಳ ಮಾರಿ ಕಲ್ಲಾತು. ಒಂದು ಕಣ್ಣು ಪೂರಾ ಮುಚ್ಚಿತ್ತು, ಹುಬ್ಬಿನ ಮ್ಯಾಲ ಎಂಟು ಹೊಲಿಗಿ.

"ಯಾರನ್ನ ಹೊಡದಿ?" ಅಂದ್ಲು.

ಅವನು ನನ್ನ ಕಡೆ ನೋಡಿದ. ಸಾಕ್ಷಿ ನಾನಲ್ಲ?

"ಮೇಡಂ, ಹೊಡೀಲಿಲ್ಲ. ಹೊಡಸ್ಕೊಂಡ. ನನ್ನ ಕಣ್ಣಾರೆ ನೋಡೇನಿ. ನಮ್ಮಪ್ಪನ ಆಣಿ, ನನ್ನ ಮಕ್ಕಳ ಆಣಿ."

"ಹೋದ ವರ್ಷಾನೂ ನೀವು ಹಿಂಗ ಹೇಳಿದ್ರಿ, ಮಿಸ್ಟರ್ ಅಪ್ಪಾ."

ನನ್ನ ಹತ್ರ ಮಾತು ಮುಗೀತು. ನನ್ನ ಹತ್ರ! ಮೂವತ್ತು ಮಂದಿ ಗ್ಯಾಂಗು ಬಾಯಿ ಮುಚ್ಚಸಾಕ ಆಗದ ಬಾಯಿ ಇದು. ಬಾಯಾರು ಹಿಂದ ನಿಂತಿದ್ರು. "ಮಗಳೇ, ಈ ಸಲ ಅವ್ರು ಸತ್ಯ ಹೇಳುದು" ಅಂದ್ರು ಇಂಗ್ಲೀಷಿನಾಗ. ಅಕಿ ಕೇಳಿಸ್ಕೊಳ್ಳಲಿಲ್ಲ. ಫೋನ್ ಇಡಾಕ ಬೆರಳು ತಂದಾಕಿ ನಿಂತ್ಲು.

"ಡ್ಯಾಡ್, ಕೈ ತೋರಿಸು."

ಅವನಿಗೆ ತಿಳೀಲಿಲ್ಲ.

"ಕೈ. ಎರಡೂ. ಗೆಣ್ಣು ತೋರಿಸು."

ಸಣ್ಣಾಕಿದ್ದಾಗಿಂದ ಅಪ್ಪ ಮನಿಗೆ ಬಂದ ಕೂಡಲೇ ಮೊದಲ ಅವನ ಬೆರಳಿನ ಗೆಣ್ಣು ನೋಡ್ತಿದ್ಲಂತ, ಇವತ್ತು ಹೊರಗ ಹೊಡದು ಬಂದಾನೋ, ಇನ್ನ ಮನ್ಯಾಗ ಹೊಡೀತಾನೋ ಅಂತ. ಅದನ್ನ ಆಮ್ಯಾಲ ಅವನ ಹೇಳಿದ. ಆಗ ಮುಂಗೈ ತಿರುವಿ ಫೋನಿನ ಮುಂದ ಹಿಡದ. ಗೆಣ್ಣಿನ ಮ್ಯಾಲ ಒಂದು ತರಚು ಗಾಯ ಇಲ್ಲ, ಕೆಂಪಿಲ್ಲ, ಬಾವಿಲ್ಲ. ಮುದುಕನ ಬಿಳೀ ತೊಗಲು, ಅಷ್ಟ.

"ತಿರುವು."

ತಿರುವಿದ. ಅಂಗೈಯಾಗ ಎರಡೂ ಕಡೆ ನಾಕು ನಾಕು ಉಗುರಿನ ಗಾಯ, ಆಳಕ್ಕ ಇಳದು ಹೆಪ್ಪುಗಟ್ಟಿದ್ವು. ಜೇಬಿನಾಗ ಮುಷ್ಟಿ ಹಿಡದಾಗ ಆಗಿದ್ದು. ಮೂರು ದಿನದಿಂದ ಪಕ್ಕದಾಗ ಇದ್ದ ನಾನೂ ಅದನ್ನ ನೋಡಿರಲಿಲ್ಲ.

ಅಕಿ ನೋಡ್ಕೊಂತ ಇದ್ಲು. ಅಲ್ಲಿ ಹಿಂದ ಎಲ್ಲೋ ಒಂದು ಸಣ್ಣ ದನಿ, ಅದು ಯಾರು ಅಮ್ಮಾ ಅಂತ ಕೇಳಿದಂಗ ಆತು.

"ನೀನು ಯಾರು ಅಂತ ಅವನಿಗೆ ಇನ್ನೂ ಹೇಳಿಲ್ಲ" ಅಂದ್ಲು. "ಬಾ. ನೀನ ಬಂದು ಹೇಳು."